ಕುರ್ಚಿ ಹಾಕುವವನು ಕೇಳಿದ್ದು

ಬೆಂಕಿ ಆರಿಸುವ ಬಂಡಿ ಹೊಸ ಶೆಡ್ಡಿಗೆ ಹೋದ ಮೇಲೆ
ಈ ಹಳೆಯ ಠಾಣೆಯಲ್ಲಿ ಉಳಿದದ್ದು
ಎತ್ತರದ ಕೆಂಪು ಬಾಗಿಲು, ನೆಲದಲ್ಲಿ ಆಯಿಲಿನ ಕಲೆ,
ಮತ್ತು ನಾನು.
ಇಪ್ಪತ್ತಾರು ವರ್ಷ ಆ ಬಂಡಿ ಓಡಿಸಿದವನು
ಈಗ ತಿಂಗಳ ಮೊದಲ ಗುರುವಾರ ಕುರ್ಚಿ ಹಾಕುತ್ತೇನೆ:
ಆಚೆಗೆ ನಲವತ್ತೆರಡು, ಈಚೆಗೆ ನಾಲ್ಕು,
ನಡುವೆ ವಿಜ್ಮಾ ನಿಂತು ಮಾತಾಡಲು ಒಂದಿಷ್ಟು ಜಾಗ.

ವಿಜ್ಮಾ ಸ್ಟ್ರೌಟ್‌ಮಾನೆ. ಎಪ್ಪತ್ತೊಂದು.
ರೀಗಾದಲ್ಲಿ ಮೂವತ್ತು ಚಳಿಗಾಲ ವಿಯೋಲಾ ನುಡಿಸಿ
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವಳು.
ಮೊದಲು ಅವಳ ಮಾತು, ಆಮೇಲೆ ವಾದ್ಯ,
ಅದು ಈ ಕಛೇರಿಗಳ ಕರಾರು: ತಿಳಿಸಿ ನುಡಿಸುವುದು.
ತಿಳಿಯದೆ ಕೇಳಿದರೆ ಏನು ನಷ್ಟ ಎಂದು
ನಾನು ಕೇಳಲಿಲ್ಲ. ಸಂಬಳ ನಗರಸಭೆಯದು.

ಬರುವವರು ಇಷ್ಟೇ: ಮೀನು ಹೊಗೆಗಿಡುವ ತಾಲಿವಾಲ್ದಿಸ್,
ಕೋಟಿನ ತುಂಬ ಸೌದೆಯ ಘಾಟು;
ರಾತ್ರಿಪಾಳಿಯ ದಾದಿ ಮಿರ್ದ್ಜಾ, ನಿಧಾನದ ಭಾಗ ಬಂತೆಂದರೆ ನಿದ್ದೆ;
ಶಿಕ್ಷೆಗೆಂದು ಮೇಷ್ಟ್ರು ಎಳೆತಂದ ಇಬ್ಬರು ಹುಡುಗರು;
ಸ್ಕೈದ್ರೀತೆ. ಅವಳು ಬರುವುದು ಹೀಟರಿಗೆ,
ಮನೆಯ ಸೌದೆ ಉಳಿಯುತ್ತದೆಂದು ಬಾಯಿಬಿಟ್ಟೇ ಹೇಳುತ್ತಾಳೆ.

"ನಡುವಿನ ದನಿ ಯಾರಿಗೂ ಬೇಡ,"
ಅಕ್ಟೋಬರಿನಲ್ಲಿ ವಿಜ್ಮಾ ಶುರುಮಾಡಿದಳು,
"ವೆಂತಾ ನದಿಯ ಸೇತುವೆ ದಿನಾ ದಾಟುತ್ತೀರಿ,
ಇಟ್ಟಿಗೆ ನೋಡುತ್ತೀರಿ. ಗಾರೆ?"
ವಿಯೋಲಾದ ಹುಡುಗ ತನ್ನ ಪಾಲನ್ನು ಒಬ್ಬನೇ ನುಡಿಸಿದ.
ಅದೇ ಸ್ವರ, ಮತ್ತೆ ಅದೇ ಸ್ವರ,
ನೆರೆಮನೆಯಲ್ಲಿ ಯಾರೋ ಹಲಗೆಗೆ ಮೊಳೆ ಹೊಡೆದಂತೆ.
ಹುಡುಗರು ಕಿಸಕ್ಕೆಂದರು. ನನಗೂ ನಗು ಬಂತು.
ಬಳಿಕ ನಾಲ್ವರೂ ಕೂಡಿದಾಗ
ಆ ಮೊಳೆಯ ಸದ್ದನ್ನು ಹುಡುಕಿದೆ.
ಇಂಜಿನ್ನಿನೊಳಗೆ ಮೂರನೇ ಸಿಲಿಂಡರ್ ಹುಡುಕಿದ ಹಾಗೆ;
ಅದು ಸಿಗುವುದು ಕೆಟ್ಟರೆ ಮಾತ್ರ.

ನವೆಂಬರಿನಲ್ಲಿ ಚೆಲ್ಲೊ ಹೆಂಗಸು ಬಿಲ್ಲು ಇಳಿಸಿ
ನನ್ನತ್ತ ನೋಡಿದಳು: ಹೀಟರ್ ಗುನುಗುತ್ತಿದೆ,
ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ.
ಆರಿಸಿದೆ. ಸ್ಕೈದ್ರೀತೆ ಎದ್ದೇ ನಿಂತಳು,
"ನಾನು ಬಂದದ್ದೇ ಅದಕ್ಕೆ!"
ಎಲ್ಲರೂ ನಕ್ಕರು. ವಿಜ್ಮಾ ನಗಲಿಲ್ಲ.
ಹೆಗಲಿನ ಉಣ್ಣೆಶಾಲು ತೆಗೆದು ಅವಳಿಗೆ ಹೊದಿಸಿ
ಆ ಸಂಜೆಯ ವಿವರಣೆಯನ್ನು
ನಡುಗುತ್ತ, ಚುಟುಕಾಗಿ ಮುಗಿಸಿದಳು.

ಜನವರಿ. ರೀಗಾ ರಸ್ತೆಯಲ್ಲಿ ಹಿಮ,
ಎರಡನೇ ವಯೊಲಿನ್ ಬಸ್ಸಿನೊಳಗೇ ಸಿಕ್ಕಿಕೊಂಡಳು.
ಅವಳ ಕುರ್ಚಿ ಎತ್ತಲು ಹೋದೆ. "ಇರಲಿ" ಅಂದಳು ವಿಜ್ಮಾ.
ಮೂವರೇ ನುಡಿಸಿದರು. ಅವಳ ಪಾಲು ಬಂದಲ್ಲಿ
ಯಾರೂ ತುಂಬಲಿಲ್ಲ, ಎಣಿಸುತ್ತ ಕಾದರು.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ
ನಲವತ್ತೆರಡು ಮಂದಿ, ಅಲ್ಲ, ಸುಳ್ಳು, ಹದಿನೇಳು ಮಂದಿ
ಖಾಲಿ ಕುರ್ಚಿಗೆ ಕಿವಿಗೊಟ್ಟೆವು.
ಮಿರ್ದ್ಜಾ ಎಚ್ಚರವಿದ್ದಳು.

ತಾಲಿವಾಲ್ದಿಸ್ ಕೈಯೆತ್ತಿದ. "ಇದರ ಅರ್ಥ ಏನು?"
ನಾಲ್ಕು ತಿಂಗಳಿಂದ ಎಲ್ಲಕ್ಕೂ ಉತ್ತರವಿದ್ದವಳು
ಉಳಿದ ಕಿವಿಯನ್ನು ಅವನತ್ತ ತಿರುಗಿಸಿ
"ಇನ್ನೊಮ್ಮೆ ಕೇಳು" ಅಂದಳು.
ಪ್ರಶ್ನೆಯನ್ನೋ, ಸಂಗೀತವನ್ನೋ?
ಅವನು ಪ್ರಶ್ನೆಯನ್ನೇ ಮತ್ತೆ ಕೇಳಿದ, ಗಟ್ಟಿಯಾಗಿ.
ಅವಳು ಆ ಮೂವರಿಗೆ ಕಣ್ಸನ್ನೆ ಮಾಡಿದಳು.

ಒಂಬತ್ತೂವರೆಗೆ, ನಾನು ಒಬ್ಬನೇ ಕುರ್ಚಿ ಮಡಚುತ್ತಿರುವಾಗ,
ಕೆಂಪು ಬಾಗಿಲು ದೂಡಿಕೊಂಡು ಬಂದಳು ಎರಡನೇ ವಯೊಲಿನ್.
ಹುಬ್ಬಿನ ಮೇಲೆ ಹಿಮ, ಪೆಟ್ಟಿಗೆ ಎದೆಗೆ ಅವಚಿ.
"ಎಲ್ಲ ಹೋದರಾ?"
ಅವಳ ಕುರ್ಚಿಯೊಂದನ್ನು ಇನ್ನೂ ಎತ್ತಿರಲಿಲ್ಲ.
ಕೂತಳು. ಬೆರಳುಗಳಿಗೆ ಬಾಯಿಂದ ಊದಿಕೊಂಡು
ತನ್ನ ಪಾಲನ್ನಷ್ಟೇ ನುಡಿಸತೊಡಗಿದಳು,
ಇಲ್ಲದವರಿಗಾಗಿ ನಡುನಡುವೆ ಎಣಿಸುತ್ತ.
ಆ ಮೂವರು ನನ್ನ ತಲೆಯೊಳಗಿದ್ದರು.
ಪೂರ್ತಿಯೇನಲ್ಲ; ಚೆಲ್ಲೊ ಮಾತ್ರ ಸರಿಯಾಗಿ,
ಉಳಿದದ್ದು ತುಂಡು ತುಂಡು.

ಹೀಟರ್ ಹಾಕಲೇ ಎಂದು ಕೇಳಿದೆ.
ಅವಳಿಗೆ ಕೇಳಿಸಲಿಲ್ಲ.