ಗೆಣ್ಣು

ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಎಸ್ಕೊ
ಈಗಲೂ ತಲೆ ತಗ್ಗಿಸುತ್ತಾನೆ.
ತೊಲೆ ಇರುವುದು ನೆತ್ತಿಯಿಂದ ಗೇಣು ಮೇಲೆ.
ಮೂವತ್ತೊಂದು ವರ್ಷ ನಿಕ್ಕಲ್ ಗಣಿಯಲ್ಲಿ
ಕತ್ತು ಕಲಿತ ಪಾಠವನ್ನು
ಪಿಂಚಣಿ ಮರೆಸುವುದಿಲ್ಲ.

ಮೇಲೆ ಸಡ್ಬರಿಯ ಜನವರಿ,
ಚಿಲಕ ಮುಟ್ಟಿದರೆ ಕೈಗೇ ಅಂಟುವ ಚಳಿ.
ಕೆಳಗೆ, ಹಳೇ ಲಾಂಡ್ರಿ ಕೋಣೆಯಲ್ಲಿ,
ಬೆಳ್ಳಿ ಹಾಳೆ ಹೊದ್ದ ಗೋಡೆಗಳ ನಡುವೆ
ದಿನಕ್ಕೆ ಹದಿನೆಂಟು ತಾಸು ಬೇಸಗೆ.
ಕಾನೂನು ಕೊಟ್ಟದ್ದು ನಾಲ್ಕೇ ಗಾಂಜಾ ಗಿಡ.
ಬಕೆಟ್ಟುಗಳ ಮೇಲೆ ಹೆಸರು ಬರೆದಿದ್ದಾನೆ,
ತನ್ನ ಹಳೇ ಪಾಳಿಯವರ ಹೆಸರು:
ಇಲಾರಿಯೊ, ಕ್ಲೋವಿಸ್, ಸ್ಟಾಂಕೊ, ದೊಡ್ಡ ಮತ್ತಿ.

ದೊಡ್ಡ ಮತ್ತಿ ಮೊದಲಿನಿಂದಲೂ ಹಾಗೆ,
ಎಲ್ಲರಿಗಿಂತ ಮೊಳದುದ್ದ ಮುಂದೆ,
ದೀಪವನ್ನೆಲ್ಲ ತಾನೊಬ್ಬನೇ ಕುಡಿದು
ಮಿಕ್ಕ ಮೂವರ ಮೇಲೆ ನೆರಳು ಚೆಲ್ಲಿಕೊಂಡು.

"ಬಗ್ಗಿಸಬೇಕು ಇವನನ್ನ."
ರಬ್ಬರು ಹೊದಿಸಿದ ತಂತಿ,
ನನ್ನ ಹರಿದ ಕಾಲ್ಚೀಲದ ಪಟ್ಟಿ,
ಬಕೆಟ್ಟಿನ ಅಂಚಿಗೆ ಕೊರೆದ ತೂತು.
ಎರಡು ಬೆರಳ ನಡುವೆ ಕಾಂಡ ಹಿಡಿದು
ಉರುಳಿಸಿ ಉರುಳಿಸಿ ಮೆತ್ತಗೆ ಮಾಡುತ್ತಾನೆ,
ಕಿವಿ ಹತ್ತಿರ ತರುತ್ತಾನೆ.
ಗಣಿಯಲ್ಲೂ ಹೀಗೇ, ಉದ್ದ ಸಲಾಕೆಯಿಂದ
ನೆತ್ತಿಯ ಬಂಡೆ ತಟ್ಟಿ ಕೇಳುತ್ತಿದ್ದರಂತೆ.
ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಓಡು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ
ಎಂದು ಕೇಳುವವರು ಕೇಳಲಿ.
ಮರ ಬಗ್ಗಿದ್ದನ್ನು ನಾನು ಕಂಡಿದ್ದೇನೆ:
ನಮ್ಮ ಮದುವೆಯ ದಿನ ಫೋಟೋದವನು
ನನ್ನ ಕುಳ್ಳ ಅಣ್ಣಂದಿರ ಸಾಲು ನೋಡಿ, ತಲೆ ಕೆರೆದು,
"ಮದುಮಗ ಒಂಚೂರು ಮಂಡಿ ಮಡಿಸಲಿ" ಅಂದ.
ಚಿತ್ರದಲ್ಲಿ ಎಲ್ಲರ ತಲೆ ಒಂದೇ ಸಮ.
ಪ್ಯಾಂಟಿನೊಳಗೆ ಅವನ ತೊಡೆ ನಡುಗುತ್ತಿದ್ದುದು
ಕೈ ಹಿಡಿದಿದ್ದ ನನಗಷ್ಟೇ ಗೊತ್ತು.

ಟಕ್.
ಸೀಳಿತು ಕಾಂಡ. ಹಸಿ ವಾಸನೆ.
ಎಸ್ಕೊನ ಮುಖ ಬೂದಿ.
"ತಪ್ಪಾಯಿತು ಮತ್ತಿ" ಅಂದ, ಫಿನ್ನಿಶ್‌ನಲ್ಲಿ,
ಗಿಡಕ್ಕೋ, ಮತ್ತ್ಯಾರಿಗೋ.
ನಿಜದ ಮತ್ತಿಯ ಸೊಂಟ ಮುರಿದದ್ದು
ಪಾಳಿಯ ಕೊನೆಯ ಗಂಟೆಯಲ್ಲಿ.
ಅದರ ಮಾತು ನಮ್ಮ ಮನೆಯಲ್ಲಿ ಬರುವುದಿಲ್ಲ.

ಕರೀ ಟೇಪು ಸುತ್ತಿದ. ಹತ್ತು ದಿನ ಬಿಟ್ಟು ಬಿಚ್ಚಿದ.
ಸೀಳಿದಲ್ಲಿ ಊದಿಕೊಂಡಿತ್ತು ಒಂದು ಗೆಣ್ಣು,
ಗಂಟುಗಂಟಾಗಿ, ಕಲ್ಲಿನ ಹಾಗೆ.
"ಇನ್ನು ಇಲ್ಲಿ ಮುರಿಯುವುದೇ ಇಲ್ಲ" ಅಂದ.
ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.
ಹತ್ತು ಬೆರಳು, ಹತ್ತು ದಿಕ್ಕು.
ಇವನ್ನು ಬಗ್ಗಿಸಿದ್ದು ಯಾರೋ,
ಮೊದಲು ಉರುಳಿಸಿ ಮೆತ್ತಗೆ ಮಾಡಲಿಲ್ಲ,
ಕಿವಿಗೊಟ್ಟು ಕೇಳಲಿಲ್ಲ.

ರಾತ್ರಿ ಅವನು ಹಚ್ಚುತ್ತಾನೆ,
ಹೋದ ಬೆಳೆಯ ಮುಲಾಮು, ಗೆಣ್ಣು ಗೆಣ್ಣಿಗೆ.
ನೋವು ಹೋಗುತ್ತದೆಯೇ, ಡಾಕ್ಟರು ಕೇಳಿದರು.
ಹೋಗುವುದಿಲ್ಲ.
ಸ್ವಲ್ಪ ಸರಿದು, ಪಕ್ಕದಲ್ಲಿ ಕೂರುತ್ತದೆ.

ನಿನ್ನೆ ನಾಲ್ಕೂ ಗಿಡಗಳ ತುದಿಯ ಮೇಲೆ
ಹಗುರ ಬಿದಿರುಪಟ್ಟಿ ಇಟ್ಟು
ಅದರ ಮೇಲೆ ರಸಮಟ್ಟ ಇಟ್ಟ.
ಹಸಿರು ಗುಳ್ಳೆ ಅತ್ತಿತ್ತ ತೂಗಿ
ನಡುಗೆರೆಗಳ ಮಧ್ಯೆ ನಿಂತಿತು.
ಚಪ್ಪರ ಹಾಕಿದಂತಿತ್ತು, ಮದುವೆ ಯಾರದೋ.
ನೆರಳಲ್ಲಿ ಸೊರಗಿದ್ದ ಕ್ಲೋವಿಸ್‌ಗೂ
ಈಗ ಪಾಲಿನ ಬೆಳಕು.

ಬೆಳಿಗ್ಗೆ ಹೋಗಿ ನೋಡಿದರೆ
ತಂತಿಯೊಳಗಿಂದಲೇ ದೊಡ್ಡ ಮತ್ತಿ
ಕತ್ತು ತಿರುಚಿ ದೀಪ ನೋಡುತ್ತಿದ್ದ.
ಎಸ್ಕೊ ತಂತಿಗೆ ಕೈ ಹಾಕಿದ.
ಹಾಕಿದವನು ಯಾಕೋ ತೆಗೆದ.
ಖಾಲಿ ಬಕೆಟ್ಟು ಬೋರಲು ಹಾಕಿ ಕೂತ,
ನನ್ನ ಕಡೆಗೂ ಒಂದು ಸರಿಸಿದ.