ತೊಂಬತ್ತೆಂಟು ಮಿಲಿಮೀಟರ್

ಕಲ್ಲು, ಲೀವೆ, ಮುಂದಿನ ಫೋರ್ಕು ಬರೀ ಕಲ್ಲು,
ಅಂಗೈ ಬೊಬ್ಬೆ ನೋಡು, ಅಂದ ವಾನ್ನೆಸ್
ಹೆಲ್ಮೆಟ್ಟು ಕೂಡ ತೆಗೆಯದೆ.
ಹಲ್ಲಿನ ಸಂದಿಯಲ್ಲೂ ಲೊಮ್ಮೆಲಿನ ಮರಳು.
ಮೊದಲ ಓಟದಲ್ಲಿ ಹತ್ತೊಂಬತ್ತನೆಯವ.
ಇನ್ನೊಂದಕ್ಕೆ ಎರಡು ಗಂಟೆ ಇದೆ.

ಮೆದು ಮಾಡು, ಅನ್ನುತ್ತಾನೆ. ಎಲ್ಲರೂ ಅನ್ನುವುದು ಅದೇ.
ಮೂವತ್ತೊಂದು ವರ್ಷದಿಂದ ಈ ವ್ಯಾನಿನ ಹಿಂಬಾಗಿಲಿಗೆ
ಹುಡುಗರು ಬಂದು ನಿಂತು
ನೋಯುವ ಜಾಗ ತೋರಿಸುತ್ತಾರೆ,
ನೋವು ಹುಟ್ಟುವ ಜಾಗ ನಾನು ಹುಡುಕಬೇಕು.

ಫೋರ್ಕು ಮುಟ್ಟಲಿಲ್ಲ.
ಹತ್ತು ಗಾಡಿ, ಅಂದೆ, ಬೂಟು ಸಮೇತ, ಎದೆಕವಚ ಸಮೇತ,
ಫುಟ್‌ರೆಸ್ಟಿನ ಮೇಲೆ ನಿಲ್ಲು, ಉಸಿರು ಬಿಡು.
ಪಕ್ಕದ ವ್ಯಾನಿನ ಹುಡುಗಿ ಹ್ಯಾಂಡಲ್ ಹಿಡಿದಳು.
ಹಿಂದಿನ ಆಕ್ಸಲ್ಲಿನಿಂದ ಮಡ್‌ಗಾರ್ಡಿನ ಗುರುತಿಗೆ ಟೇಪು ಎಳೆದೆ,
ಚಕ್ರ ಗಾಳಿಯಲ್ಲಿದ್ದಾಗಿನ ಅಳತೆಯಲ್ಲಿ ಕಳೆದೆ.
ತೊಂಬತ್ತೆಂಟು.
ಮತ್ತೆ ಎಳೆದೆ. ತೊಂಬತ್ತೆಂಟೇ.
ಅಕ್ಟೋಬರಿನಲ್ಲಿ ನನ್ನ ಕೈಯಾರೆ ಬರೆದದ್ದು ನೂರ ಐದು.
ಸ್ಪ್ರಿಂಗು ಅದೇ, ಉಂಗುರವನ್ನು ಯಾರೂ ತಿರುಗಿಸಿಲ್ಲ.
ಏಳು ಮಿಲಿಮೀಟರಿನಷ್ಟು ಹುಡುಗ
ಎಲ್ಲಿಗೆ ಹೋದ?

ಕೇಳಲಿಲ್ಲ. ಅವನೇ ಅಂದ, ಅತ್ತ ಪೈನ್ ಮರಗಳನ್ನು ನೋಡುತ್ತ:
ಗಾಜಿನ ಕಾರ್ಖಾನೆ, ಚಳಿಗಾಲವಿಡೀ ರಾತ್ರಿ ಪಾಳಿ,
ಕುಲುಮೆಯ ಕಾವು. ಊಟ ಸೇರುವುದಿಲ್ಲ.
ಅಲ್ಲೂ ಇದೇ ಬಿಳಿ ಮರಳು.
ವಾರವೆಲ್ಲ ಅದನ್ನು ಕರಗಿಸುತ್ತಾನೆ,
ಭಾನುವಾರ ಅದರಲ್ಲೇ ಹೂತು ಓಡುತ್ತಾನೆ.

ಲೆಕ್ಕ ಸಿಕ್ಕಿತು.
ಹೊರೆ ಹಗುರಾಗಿ ಗಾಡಿ ಬೆನ್ನೆತ್ತಿದೆ, ಭಾರವೆಲ್ಲ ಮೂತಿಗೆ.
ಮೊದಲೇ ತಗ್ಗಿದ ಫೋರ್ಕು
ಒಂದು ಉಬ್ಬು ನುಂಗಿ ಏಳುವುದರೊಳಗೆ ಎರಡನೆಯದು,
ಏಳದೆ ಮೂರನೆಯದು,
ಐದಕ್ಕೆ ತಳ.
ತಳದಲ್ಲಿ ಎಂಥ ಎಣ್ಣೆಯೂ ಕಲ್ಲೇ.
ಇವನು ಮೆದು ಮಾಡಿದಷ್ಟೂ ಅದು ಗಟ್ಟಿ.

ಇದನ್ನೊಮ್ಮೆ ಕೇಳಿಸಿಕೊಂಡ ಪಾದ್ರಿಯೊಬ್ಬರು
ಬಾಳಿಗೆ ಒಳ್ಳೆಯ ಉಪಮೆ ಎಂದು ಹಿಗ್ಗಿದ್ದರು.
ಉಪಮೆಯಲ್ಲ ಸ್ವಾಮಿ, ಎಣ್ಣೆ.
ಕೂದಲಿನಷ್ಟು ತೆಳ್ಳನೆಯ ಉಕ್ಕಿನ ಬಿಲ್ಲೆಗಳು,
ಅವು ಬಾಗಿ ದಾರಿ ಬಿಟ್ಟಷ್ಟು ಎಣ್ಣೆ.
ಅಷ್ಟೇ.

ಹಗುರ ಸ್ಪ್ರಿಂಗು ಹಾಕಬೇಕು, ವ್ಯಾನಿನಲ್ಲಿಲ್ಲ.
ಹಿತ್ತಾಳೆಯ ಮೊಳೆ ಆನಿಸಿ, ಸುತ್ತಿಗೆಯಲ್ಲಿ ತಟ್ಟಿ
ಹಿಂದಿನ ಉಂಗುರ ಒಂದೂಮುಕ್ಕಾಲು ಸುತ್ತು ಸಡಿಲಿಸಿದೆ.
ಮುಂದೆ ರೀಬೌಂಡು ಎರಡು ಕ್ಲಿಕ್ಕು ಬಿಚ್ಚಿದೆ, ಬೇಗ ಏಳಲಿ.
ಬೆಳಿಗ್ಗೆ ಇವನು ಕದ್ದು ತೆಗೆದ ನಾಲ್ಕು ಕ್ಲಿಕ್ಕುಗಳಲ್ಲಿ
ಮೂರನ್ನು ಮರಳಿ ಹಾಕಿದೆ.
ಕಿವಿಗೆ ಈಗ ಕೇಳಿಸುವುದಿಲ್ಲ,
ಹೆಬ್ಬೆರಳಿನ ಉಗುರು ಎಣಿಸುತ್ತದೆ.
ಗಟ್ಟಿ ಮಾಡಿದೆಯಾ?
ಹೂಂ.
ಅರಳು ಮರಳು ನಿನಗೆ, ಅಂದ.
ಇರಬಹುದು. ಎರಡೂ ಉಂಟು, ಮರಳಂತೂ ಬೇಕಾದಷ್ಟು.

ಎರಡನೆಯ ಓಟಕ್ಕೆ ಇಳಿಜಾರಿನ ಬುಡದಲ್ಲಿ ನಿಂತೆ,
ಬ್ರೇಕು ಒತ್ತಿ ಒತ್ತಿ ಎಲ್ಲರೂ ತೋಡಿದ
ಮೊಳಕಾಲುದ್ದದ ಗುಂಡಿಗಳ ಪಕ್ಕ.
ಯಾರು ಮುಂದೆ, ಯಾರು ಹಿಂದೆ, ನನಗೆ ಬೇಡ.
ಅವನ ಮುಂಚಕ್ರವೊಂದೇ ಸಾಕು:
ಇಳಿಯಿತು, ಎದ್ದಿತು, ಇಳಿಯಿತು, ಎದ್ದಿತು,
ಐದರಲ್ಲೂ ಎದ್ದಿತು.
ಆರರಲ್ಲಿ ಹಿಂಬದಿ ತುಸು ಅಡ್ಡ ಒದೆಯಿತು.
ಅದಕ್ಕೆ ಇನ್ನೊಂದು ಕ್ಲಿಕ್ಕು, ಇನ್ನೊಂದು ದಿನ.

ಹನ್ನೊಂದನೆಯವನಾಗಿ ಬಂದ.
ಕೈ ಕೊಡವಿ, ಬೆರಳು ಮಡಿಸಿ ಬಿಡಿಸಿ ನೋಡಿಕೊಂಡ.
ನನಗೇನೂ ಹೇಳಲಿಲ್ಲ.
ದನದ ಕೊಬ್ಬಿನ ಘಮಲು ಹಿಡಿದು
ಆಲೂಗಡ್ಡೆ ಕರಿಯುವ ಗಾಡಿಯತ್ತ ನಡೆದ.
ದೊಡ್ಡ ಪೊಟ್ಟಣ, ಮೇಲೆ ಮೇಯನೇಸು,
ನಿಂತಲ್ಲೇ ಮುಗಿಸಿದ.
ಹೋಗಿ ಇನ್ನೊಂದು ತಂದ.

ಹೊಸ ಅಳತೆ ಬರೆಯಲು ಪುಸ್ತಕ ತೆಗೆದವಳು
ಪೆನ್ನು ಮುಚ್ಚಿಟ್ಟು
ಪೆನ್ಸಿಲು ಹುಡುಕಿದೆ.