ಇಪ್ಪತ್ತೊಂದನೇ ಬಿಲ್ಲೆ

ಆದೋನಿಯ ಹತ್ತಿ ಜಿನ್ನಿನಲ್ಲಿ ನಾನು ಹಾಜರಿ ಗುಮಾಸ್ತ.
ಆ ಸೋಮವಾರ ಆರಕ್ಕೇ ಮೇಜಿನ ಮೇಲೆ ಠಣ್ಣೆಂದಿತು
ಇಪ್ಪತ್ತೊಂದನೇ ಹಿತ್ತಾಳೆ ಬಿಲ್ಲೆ:
ಉರುಕುಂದಮ್ಮ. ದವಡೆಯಲ್ಲಿ ಎಲೆ ಅಡಿಕೆ, ತಲೆಗೆ ಬಿಗಿದ ಕೆಂಪು ಬಟ್ಟೆ.
"ಶನಿವಾರದ್ದು ಅರ್ಧಾಣೆ ಬಾಕಿ ಐತಿ, ಸ್ವಾಮೇರೆ."
ಸಂಜೆ ನೋಡೋಣ, ಅಂದೆ.

ಒಳಗೆ ಎದುರಿನವರ ಮುಖ
ಅರಳೆಯೊಳಗಿನ ಬೀಜದಷ್ಟೇ ಕಾಣುವ ಧೂಳು.
ಚರ್ಮದ ಪಟ್ಟೆ ಓಡುತ್ತಿತ್ತು,
ಓಡಿದಷ್ಟೂ ಎಲ್ಲಿಗೂ ಹೋಗದೆ.

ಬಿದ್ದ ಅರಳೆ ಬಳಿಯಲು ಬಗ್ಗಿದಳಂತೆ. ಸೆರಗಂತೆ.
ನಾನು ನೋಡಲಿಲ್ಲ.
ನನಗೆ ಕೇಳಿದ್ದು ಗದ್ದಲದಲ್ಲೊಂದು ತೊಡಕು,
ಸರಾಗ ಓದುವವನು ಒಂದು ಒತ್ತಕ್ಷರಕ್ಕೆ ತಡೆದಂತೆ.
ಆಮೇಲೆ ಮತ್ತೆ ಸರಾಗ.

ಖಾಸಿಂ ಆವಿ ಮುಚ್ಚಲು ಓಡಿದ.
ಮುಚ್ಚಿದ ಮೇಲೂ ದೊಡ್ಡ ಚಕ್ರ ತನ್ನ ತೂಕಕ್ಕೆ ತಾನೇ
ಹನ್ನೊಂದು ಸುತ್ತು ತಿರುಗಿತು. ಅವನು ಎಣಿಸಿದ್ದ.
ಈಗಲೂ ಏನೇ ಎಣಿಸಲಿ, ಹನ್ನೊಂದಕ್ಕೆ ನಿಲ್ಲುತ್ತಾನೆ.

ಸಾಹುಕಾರರು ಕೇಳಿದರು: ಎಷ್ಟು ಹೊತ್ತು ನಿಂತಿತ್ತು?
ನಲವತ್ತು ನಿಮಿಷ, ಅಂದೆ.
ಬಳ್ಳಾರಿಯಿಂದ ಬಂದ ದೊರೆ ಬರೆಸಿದ: ಸ್ವಂತ ಅಜಾಗರೂಕತೆ.
ಕಾಗುಣಿತ ತಪ್ಪದೆ ಬರೆದೆ.

ಹಾಜರಿ ಪುಸ್ತಕದಲ್ಲಿ ಒಂದು ಮನೆ ಖಾಲಿ ಉಳಿಯಿತು.
ಒಂಬತ್ತೂವರೆಗೆ ಸತ್ತರೆ ಅರ್ಧ ದಿನವೂ ಆಗುವುದಿಲ್ಲ, ಗಿರಣಿಯ ಲೆಕ್ಕ.
ಲೇಖನಿಯ ಮಸಿ ಒಣಗುವವರೆಗೆ ಕೂತೆ.
ಮತ್ತೆ ಅದ್ದಿ, ಅರ್ಧ ಹಾಕಿದೆ.
ನನ್ನ ಧೈರ್ಯವೆಲ್ಲ ಅಷ್ಟೇ.

ಬುಧವಾರ ಆರಕ್ಕೆ ಮೇಜಿನ ಮುಂದೆ
ಹನ್ನೊಂದೋ ಹನ್ನೆರಡೋ ವಯಸ್ಸಿನ ಹುಡುಗಿ,
ತಲೆಗೆ ಅಳತೆ ಮೀರಿದ ಕೆಂಪು ಬಟ್ಟೆ.
"ಅವ್ವಂದು ಅರ್ಧಾಣೆ ಬಾಕಿ ಐತಂತೆ."
ಎಣಿಸಿಕೊಂಡಳು. ಹೋಗಲಿಲ್ಲ.
ನನ್ನ ಬೆನ್ನ ಹಿಂದಿನ ಮೊಳೆ ನೋಡುತ್ತ ನಿಂತಳು,
ಬಿಲ್ಲೆ ಇನ್ನೂ ಅಲ್ಲೇ ತೂಗುತ್ತಿತ್ತು.